ಹರಿದ ಲಿಗಮೆಂಟ್ ಕೂಡುವ ಬಗೆ
(ಸಾಲಗುಂದದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಈ ದತ್ತಿಯ ಷರತ್ತು ಚಿಕ್ಕದು. ವಿಷಯ ವಿಜ್ಞಾನದ್ದಿರಬೇಕು, ಮಾತು ಕನ್ನಡದಲ್ಲಿರಬೇಕು, ಊರವರಿಗೆ ಉಪಯೋಗವಾಗಬೇಕು. ಏನು ಮಾತಾಡಲಿ ಎಂದು ಕೇಳಿದಾಗ ಸಂಘಟಕರು ಬಹಳ ಯೋಚಿಸಲಿಲ್ಲ. ‘ಮೊಣಕಾಲಿಂದು ಹೇಳ್ರಿ ಸರ್’ ಅಂದರು. ಸರಿಯಾಗಿಯೇ ಅಂದರು. ಸಿಂಧನೂರು ಸೀಮೆಯಲ್ಲಿ ಕಾಲು ಉಳುಕಿಸಿಕೊಂಡವರಿಲ್ಲದ ಮನೆ ಸಿಗುವುದು ಕಷ್ಟ. ನೀರು ನಿಂತ ಗದ್ದೆಯ ಬದುವಿನ ಮೇಲೆ ಜಾರುವವರಿದ್ದಾರೆ. ರೈಸ್ ಮಿಲ್ಲಿನಲ್ಲಿ 75 ಕೆ.ಜಿ. ಭತ್ತದ ಚೀಲ ಬೆನ್ನಿಗೇರಿಸಿಕೊಂಡು ಹಲಗೆ ಹತ್ತುವ ಹಮಾಲರಿದ್ದಾರೆ. ಟ್ರ್ಯಾಕ್ಟರ್ ನಿಲ್ಲುವ ಮೊದಲೇ ಧುಮುಕುವ ಹುಡುಗರಿದ್ದಾರೆ. ಇನ್ನು ಕಬಡ್ಡಿ. ಬೋನಸ್ ಗೆರೆ ಮುಟ್ಟಿ ತಿರುಗುವಾಗ ಒಂದು ಕಾಲು ನೆಲಕ್ಕೆ ಕಚ್ಚಿಕೊಂಡಿರುತ್ತದೆ, ಮೈ ಇನ್ನೊಂದು ಕಡೆ ಹೊರಳಿರುತ್ತದೆ, ಮೇಲಿಂದ ಇಬ್ಬರು ಬಿದ್ದಿರುತ್ತಾರೆ. ‘ಮೊಣಕಾಲಾಗ ಕಟ್ ಅಂತ ಸಪ್ಪಳಾತು ಸರ್’ ಎಂದು ಹುಡುಗರು ಆಮೇಲೆ ಹೇಳುತ್ತಾರೆ. ಆ ಸಪ್ಪಳ ಬಹುಮಟ್ಟಿಗೆ ಲಿಗಮೆಂಟಿನದು.

ನಾನು ಆಪರೇಷನ್ ಮಾಡುವ ಡಾಕ್ಟರಲ್ಲ, ಜೀವಕೋಶದ ಪಾಠ ಹೇಳುವ ಮೇಷ್ಟ್ರು. ಹಾಗಾಗಿ ಯಾರ ಕಾಲನ್ನೂ ಮುಟ್ಟಿ ನೋಡುವುದಿಲ್ಲ. ಆದರೆ ಒಂದು ಪ್ರಶ್ನೆಗೆ ಉತ್ತರ ಹೇಳಿ ಹೋಗುತ್ತೇನೆ. ಈಚೆಗೆ ಕಾಲು ಕೆಡಿಸಿಕೊಂಡವರು ಮೊದಲು ಕೇಳುವುದೇ ಇದನ್ನು: ‘ಗ್ರೋತ್ ಫ್ಯಾಕ್ಟರ್ ಇಂಜೆಕ್ಷನ್ ಮಾಡಿಸಿದ್ರ ಹರಿದದ್ದು ಕೂಡ್ತದಂತ, ಖರೇನ್ರೀ?’ ಗ್ರೋತ್ ಫ್ಯಾಕ್ಟರ್, ಅಂದರೆ ಬೆಳವಣಿಗೆಯ ಅಂಶಗಳು, ಸುಳ್ಳಲ್ಲ. ಅವಿಲ್ಲದೆ ಕೈ ಕುಯ್ದ ಗಾಯವೂ ಮಾಯುವುದಿಲ್ಲ. ಆದರೆ ನಮ್ಮ ಮೈಯಲ್ಲಿ ಅವುಗಳಿಗೆ ಬರ ಇಲ್ಲ. ಕೊರತೆ ಇರುವುದು ಬೇರೆ ಕಡೆ. ಎಲ್ಲಿ ಎಂಬುದೇ ಇವತ್ತಿನ ಮಾತು.

ಲಿಗಮೆಂಟ್ ಅಂದರೆ ಎಲುಬಿಗೆ ಎಲುಬನ್ನು ಬಿಗಿದು ಹಿಡಿದಿರುವ ನಾರಿನ ಪಟ್ಟಿ. ಪಠ್ಯದಲ್ಲಿ ಅಸ್ಥಿರಜ್ಜು ಎಂದು ಓದಿರುತ್ತೀರಿ. ಮೊಣಕಾಲಿಗೆ ಮುಖ್ಯವಾದವು ನಾಲ್ಕು. ಇವತ್ತು ಎರಡನ್ನು ನೆನಪಿಟ್ಟರೆ ಸಾಕು. ಮೊದಲನೆಯದು ಕೀಲಿನ ಒಳಬದಿಯ ಗೋಡೆಗೆ ಅಂಟಿಕೊಂಡಿರುವ ಎಂಸಿಎಲ್. ಎರಡನೆಯದು ಕೀಲಿನ ನಟ್ಟನಡುವೆ ಓರೆಯಾಗಿ ಹಾದುಹೋಗುವ ಎಸಿಎಲ್. ಎಸಿಎಲ್‌ನ ಉದ್ದ ಮೂರು ಸೆಂಟಿಮೀಟರ್ ಆಸುಪಾಸು, ಕಿರುಬೆರಳಿಗಿಂತ ಗಿಡ್ಡ. ಅಮೆರಿಕದ ಸಾವಿಯೊ ವೂ ಎಂಬ ಸಂಶೋಧಕರು 1991ರಲ್ಲಿ ಅದನ್ನು ಯಂತ್ರಕ್ಕೆ ಕಟ್ಟಿ ಹರಿಯುವವರೆಗೂ ಎಳೆದರು. ಹರೆಯದವರ ಎಸಿಎಲ್ ಸುಮಾರು 2160 ನ್ಯೂಟನ್ ತಡೆಯಿತು. ನಮ್ಮ ಲೆಕ್ಕದಲ್ಲಿ ಸುಮಾರು ಮೂರು ಚೀಲ ಭತ್ತದ ಭಾರ. ಅರವತ್ತು ದಾಟಿದವರದ್ದು ಅದರ ಮೂರನೇ ಒಂದು ಪಾಲಿನಷ್ಟೂ ತಡೆಯಲಿಲ್ಲ. ಅಜ್ಜಂದಿರು ಮೊಮ್ಮಕ್ಕಳ ಜೊತೆ ಕಬಡ್ಡಿಗೆ ಇಳಿಯಬಾರದು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ.

ಈ ಗಟ್ಟಿತನ ಬರುವುದು ಕೊಲಾಜೆನ್ ಎಂಬ ಪ್ರೋಟೀನಿನಿಂದ. ಅದರ ರಚನೆ ಬಿಡಿಸಿದವರು ನಮ್ಮವರೇ. ಜಿ.ಎನ್. ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದವರು, ಆಮೇಲೆ ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರಾದರು. 1954ರಲ್ಲಿ ಗೋಪಿನಾಥ್ ಕರ್ತಾ ಅವರ ಜೊತೆಗೂಡಿ, ಕೊಲಾಜೆನ್ ಅಂದರೆ ಮೂರು ಎಳೆ ಒಂದಕ್ಕೊಂದು ಹೊಸೆದುಕೊಂಡ ಸುರುಳಿ ಎಂದು ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಎಕ್ಸ್-ರೇ ಚಿತ್ರ ತೆಗೆಯಲು ಅವರು ಬಳಸಿದ್ದು ಕಾಂಗರೂ ಬಾಲದ ಸ್ನಾಯುರಜ್ಜುವಿನ, ಅಂದರೆ ಸ್ನಾಯುವನ್ನು ಎಲುಬಿಗೆ ಬಿಗಿಯುವ ನಾರಿನ, ಕೊಲಾಜೆನ್. ಮುಂದೆ ಅವರು ಬೆಂಗಳೂರಿಗೆ ಮರಳಿ ಅದೇ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ಆ ಸುರುಳಿಯಲ್ಲಿ ಪ್ರತಿ ಮೂರನೆಯ ಜಾಗದಲ್ಲಿ ಗ್ಲೈಸಿನ್ ಎಂಬ ಅಮೈನೊ ಆಮ್ಲ ಇರಲೇಬೇಕು. ಅದಕ್ಕಿಂತ ದಪ್ಪದ್ದು ಬಂದರೆ ಮೂರು ಎಳೆಗಳು ಒತ್ತಾಗಿ ಕೂರುವುದಿಲ್ಲ. ಇಂಥ ಸುರುಳಿಗಳು ಸಾಲುಗಟ್ಟಿ ಎಳೆಯಾಗಿ, ಎಳೆಗಳು ಕಟ್ಟುಗಳಾಗಿ, ಎಲ್ಲವೂ ಎಳೆತದ ದಿಕ್ಕಿಗೇ ಮುಖ ಮಾಡಿ ಮಲಗಿರುತ್ತವೆ. ನಡುನಡುವೆ ಅಲ್ಲೊಂದು ಇಲ್ಲೊಂದು ಜೀವಕೋಶ. ಫೈಬ್ರೊಬ್ಲಾಸ್ಟ್ ಎನ್ನುತ್ತಾರೆ, ನಾನು ನಾರುಕೋಶ ಎನ್ನುತ್ತೇನೆ. ಕೊಲಾಜೆನ್ ಮಾಡುವುದು ಇವೇ. ಕಾಲು ನೆಟ್ಟಗಿದ್ದಾಗ ಇವಕ್ಕೆ ಹೆಚ್ಚು ಕೆಲಸವಿಲ್ಲ.

ಹರಿದ ಗಳಿಗೆಯಿಂದ ಕೆಲಸ ಶುರು. ಮೊದಲು ರಕ್ತ ಒಸರುತ್ತದೆ. ರಕ್ತದಲ್ಲಿ ಪ್ಲೇಟ್‌ಲೆಟ್‌ಗಳಿವೆ. ಡೆಂಗಿ ಬಂದಾಗ ‘ಕೌಂಟ್ ಇಳಿದದ’ ಎನ್ನುತ್ತೀರಲ್ಲ, ಅವೇ. ಒಂದು ಮೈಕ್ರೊಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ. ಅವು ಹರಿದ ಕೊಲಾಜೆನ್ನಿಗೆ ಅಂಟಿಕೊಂಡು, ರಕ್ತ ಹೆಪ್ಪುಗಟ್ಟಿಸುತ್ತ, ತಮ್ಮೊಳಗಿನ ಸಣ್ಣ ಕಣಗಳನ್ನು ಒಡೆದು ಸುರಿಯುತ್ತವೆ. ಅದರಲ್ಲಿ ಬಹುಪಾಲು ಮೊದಲ ಒಂದು ಗಂಟೆಯೊಳಗೇ ಖಾಲಿ. ಹಾಗೆ ಸುರಿದದ್ದರಲ್ಲಿ ಇರುವವೇ ಬೆಳವಣಿಗೆಯ ಅಂಶಗಳು: ಪಿಡಿಜಿಎಫ್, ಟಿಜಿಎಫ್-ಬೀಟಾ, ವಿಇಜಿಎಫ್ ಇತ್ಯಾದಿ. ಹೆಸರು ಗಟ್ಟಿಮಾಡಬೇಡಿ, ಕೆಲಸ ತಿಳಿದರೆ ಸಾಕು. ಪಿಡಿಜಿಎಫ್ ಸುತ್ತಲಿನ ನಾರುಕೋಶಗಳನ್ನು ಗಾಯದ ಕಡೆಗೆ ಕರೆಯುತ್ತದೆ, ಬಂದವನ್ನು ಒಂದರಿಂದ ಎರಡಾಗಿಸುತ್ತದೆ. ವಿಇಜಿಎಫ್ ಹೊಸ ರಕ್ತನಾಳ ಚಿಗುರಿಸುತ್ತದೆ. ಟಿಜಿಎಫ್-ಬೀಟಾ ಬಂದ ಕೋಶಗಳನ್ನು ಕೊಲಾಜೆನ್ ಮಾಡುವ ಕೆಲಸಕ್ಕೆ ಹಚ್ಚುತ್ತದೆ. ಎರಡು ಮೂರು ದಿನಕ್ಕೆ ಮ್ಯಾಕ್ರೊಫೇಜ್ ಎಂಬ ಬಿಳಿ ರಕ್ತಕಣಗಳು ಬಂದು ಸತ್ತದ್ದನ್ನು ನುಂಗಿ ಜಾಗ ಖಾಲಿ ಮಾಡುತ್ತವೆ. ಮಾಡುತ್ತಲೇ ಇವೇ ಅಂಶಗಳನ್ನು ತಾವೂ ಸುರಿಸುತ್ತವೆ. ಕಾಲು ಬಾತು, ಕೆಂಪಾಗಿ, ಮುಟ್ಟಿದರೆ ಬಿಸಿ ಹತ್ತುವುದು ಈ ದಿನಗಳಲ್ಲೇ. ನಾವು ಬೈಯುವ ಆ ಬಾವಿಲ್ಲದೆ ದುರಸ್ತಿ ಶುರುವಾಗುವುದಿಲ್ಲ.

ಈ ಅಂಶಗಳು ಗೊತ್ತಾದದ್ದು ಹೇಗೆ? ಎರಡು ಕಥೆಗಳಿವೆ, ಎರಡನ್ನೂ ಮಕ್ಕಳಿಗಾಗಿ ಹೇಳುತ್ತೇನೆ.

ರೀಟಾ ಲೆವಿ ಮೊಂಟಾಲ್ಚಿನಿ ಇಟಲಿಯ ಹೆಣ್ಣುಮಗಳು, ವೈದ್ಯೆ. ಯಹೂದಿ ಎಂಬ ಕಾರಣಕ್ಕೆ 1938ರಲ್ಲಿ ಮುಸೊಲಿನಿಯ ಕಾನೂನು ಆಕೆಯನ್ನು ವಿಶ್ವವಿದ್ಯಾಲಯದಿಂದ ಹೊರಗೆ ಹಾಕಿತು. ಆಕೆ ಮಲಗುವ ಕೋಣೆಯಲ್ಲೇ ಪ್ರಯೋಗಾಲಯ ಕಟ್ಟಿಕೊಂಡರು. ಹೊಲಿಗೆ ಸೂಜಿಯನ್ನೇ ಮಸೆದು ಉಪಕರಣ ಮಾಡಿಕೊಂಡರು. ಮಕ್ಕಳಿಗೆ ಬೇಕು ಎಂದು ರೈತರ ಮನೆಗಳಿಂದ ಕೋಳಿಮೊಟ್ಟೆ ತಂದು, ಅದರೊಳಗಿನ ಭ್ರೂಣದ ನರಗಳು ಹೇಗೆ ಬೆಳೆಯುತ್ತವೆ ಎಂದು ನೋಡುತ್ತಿದ್ದರು. ಮಕ್ಕಳು ಅವರಿಗೆ ಇರಲೇ ಇಲ್ಲ. ಯುದ್ಧ ಮುಗಿದ ಮೇಲೆ ಅಮೆರಿಕಕ್ಕೆ ಹೋಗಿ, ನರ ಬೆಳೆಸುವ ಒಂದು ವಸ್ತು ಇದೆ ಎಂದು ಅದೇ ದಾರಿಯಲ್ಲಿ ಕಂಡುಹಿಡಿದರು. ಅವರ ಜೊತೆಗಾರ ಸ್ಟ್ಯಾನ್ಲಿ ಕೋಹೆನ್ ಅದನ್ನು ಶುದ್ಧ ಮಾಡುತ್ತಿದ್ದಾಗ ಇನ್ನೊಂದು ಸಿಕ್ಕಿತು. ಅದನ್ನು ಚುಚ್ಚಿದ ಇಲಿಮರಿಗಳು ದಿನ ತುಂಬುವ ಮೊದಲೇ ಕಣ್ಣು ಬಿಟ್ಟವು. ಚರ್ಮದ ಕೋಶ ಬೆಳೆಸುವ ಆ ಅಂಶಕ್ಕೆ ಇಜಿಎಫ್ ಎಂದು ಹೆಸರಾಯಿತು. ಇಬ್ಬರಿಗೂ 1986ರಲ್ಲಿ ನೊಬೆಲ್ ಬಂತು.

ಇನ್ನೊಂದು ನಮ್ಮ ವಿಷಯಕ್ಕೆ ಹತ್ತಿರದ್ದು. ಗಾಜಿನ ತಟ್ಟೆಯಲ್ಲಿ ಜೀವಕೋಶ ಬೆಳೆಸುವವರು ಮೊದಲಿನಿಂದಲೂ ಸೀರಮ್ ಹಾಕುತ್ತಿದ್ದರು. ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ಅದು. ಹೆಪ್ಪುಗಟ್ಟದಂತೆ ತಡೆದು ತೆಗೆದ ತಿಳಿಯೇ ಪ್ಲಾಸ್ಮಾ. ನೋಡಲು ಎರಡೂ ಒಂದೇ, ತಿಳಿ ಹಳದಿ ನೀರು. 1974ರಲ್ಲಿ ರಸಲ್ ರಾಸ್ ಮತ್ತು ಸಂಗಡಿಗರು ಒಂದು ತಟ್ಟೆಗೆ ಸೀರಮ್, ಇನ್ನೊಂದಕ್ಕೆ ಪ್ಲಾಸ್ಮಾ ಹಾಕಿ ನೋಡಿದರು. ಸೀರಮ್ ಹಾಕಿದಲ್ಲಿ ಕೋಶಗಳು ತುಂಬಿ ಬೆಳೆದವು, ಪ್ಲಾಸ್ಮಾ ಹಾಕಿದಲ್ಲಿ ಇದ್ದಷ್ಟೇ ಉಳಿದವು. ಪ್ಲೇಟ್‌ಲೆಟ್‌ಗಳು ಒಡೆದು ಸುರಿಸಿದ್ದು ಸೀರಮ್ಮಿನಲ್ಲಿತ್ತು, ಪ್ಲಾಸ್ಮಾದಲ್ಲಿ ಇರಲಿಲ್ಲ, ಅಷ್ಟೇ ವ್ಯತ್ಯಾಸ. ಪಿಡಿಜಿಎಫ್ ಗುರುತಿಗೆ ಬಂದದ್ದು ಹೀಗೆ. ಇಂದು ಊರೂರಿನಲ್ಲಿ ಕೇಳಿಬರುವ ಇಂಜೆಕ್ಷನ್ನಿನ ಮೂಲ ಈ ಎರಡು ತಟ್ಟೆಗಳಲ್ಲಿದೆ.

ಲಿಗಮೆಂಟಿನ ಕೋಶಗಳನ್ನೂ ಹಾಗೇ ಬೆಳೆಸಬಹುದು. ಆಪರೇಷನ್ನಿನಲ್ಲಿ ತೆಗೆದ ಸಣ್ಣ ಚೂರನ್ನು ಪೋಷಕ ದ್ರವದಲ್ಲಿ ಇಟ್ಟರೆ ಕೆಲವು ದಿನಗಳಲ್ಲಿ ಚೂರಿನ ಅಂಚಿನಿಂದ ನಾರುಕೋಶಗಳು ಹೊರಗೆ ತೆವಳುತ್ತವೆ. ಉದ್ದಕ್ಕೆ, ಎರಡೂ ತುದಿ ಚೂಪು. ತಟ್ಟೆಯ ತಳ ತುಂಬಿದ ಮೇಲೆ ಪ್ಲಾಸ್ಟಿಕ್ ಪಿಪೆಟ್ಟಿನ ತುದಿಯಿಂದ ನೆಟ್ಟಗೆ ಒಂದು ಗೀಟು ಎಳೆಯುತ್ತಾರೆ. ಗೀಟಿನ ಜಾಗದ ಕೋಶಗಳು ಎದ್ದುಹೋಗಿ ಖಾಲಿ ಪಟ್ಟಿ ಉಳಿಯುತ್ತದೆ. ಅದೇ ಗಾಯ. ಒಂದು ತಟ್ಟೆಗೆ ಪಿಡಿಜಿಎಫ್, ಇನ್ನೊಂದಕ್ಕೆ ಎಫ್‌ಜಿಎಫ್-2 ಎಂಬ ಮತ್ತೊಂದು ಅಂಶ, ಮೂರನೆಯದಕ್ಕೆ ಏನೂ ಇಲ್ಲ. ಮರುದಿನ ಸೂಕ್ಷ್ಮದರ್ಶಕದ ಕೆಳಗೆ ನೋಡಿದರೆ ಅಂಶ ಬಿದ್ದ ತಟ್ಟೆಯಲ್ಲಿ ಎರಡೂ ದಡದ ಕೋಶಗಳು ಖಾಲಿ ಪಟ್ಟಿಯೊಳಕ್ಕೆ ಕಾಲು ಚಾಚಿರುತ್ತವೆ. ಈ ನೋಟವನ್ನು ಕಣ್ಣಾರೆ ಕಂಡವರಿಗೆ ಇಂಜೆಕ್ಷನ್ನಿನ ಮೇಲೆ ನಂಬಿಕೆ ಬರುವುದರಲ್ಲಿ ಆಶ್ಚರ್ಯವಿಲ್ಲ. ಇಲ್ಲೇ ಇನ್ನೊಂದು ಸಂಗತಿಯೂ ಬಯಲಾಯಿತು. 1992ರಲ್ಲಿ ಎಂಸಿಎಲ್ ಮತ್ತು ಎಸಿಎಲ್‌ನ ಕೋಶಗಳನ್ನು ಪಕ್ಕಪಕ್ಕದಲ್ಲಿ ಬೆಳೆಸಿ ಗೀಟೆಳೆದು ನೋಡಿದಾಗ ಎಂಸಿಎಲ್ ಕೋಶಗಳು ಚುರುಕಾಗಿ ಹರಡಿದವು, ಎಸಿಎಲ್‌ನವು ಹಿಂದೆ ಬಿದ್ದವು.

ಡಾಕ್ಟರುಗಳು ಅನುಭವದಿಂದ ಕಂಡದ್ದೂ ಇದನ್ನೇ. ಒಳಬದಿಯ ಎಂಸಿಎಲ್ ಹರಿದರೆ ಬಹುಪಾಲು ಆಪರೇಷನ್ ಇಲ್ಲದೆಯೇ ಕೂಡುತ್ತದೆ. ಎಸಿಎಲ್ ಪೂರ್ತಿ ಹರಿದರೆ ಸಾಮಾನ್ಯವಾಗಿ ಕೂಡುವುದಿಲ್ಲ. ಒಂದೇ ಮೊಣಕಾಲು, ಒಂದೇ ರಕ್ತ, ಅವೇ ಪ್ಲೇಟ್‌ಲೆಟ್. ಮತ್ತೇಕೆ ಈ ಭೇದ?

ಕೋಶಗಳ ನಿಧಾನ ಒಂದು ಕಾರಣ, ದೊಡ್ಡ ಕಾರಣ ಅದಲ್ಲ. ಎಂಸಿಎಲ್‌ನ ಸುತ್ತ ಮಾಂಸ, ಪೊರೆ ಇದೆ. ಅಲ್ಲಿ ಒಸರಿದ ರಕ್ತ ಅಲ್ಲೇ ಹೆಪ್ಪುಗಟ್ಟಿ ಎರಡು ತುದಿಗಳ ನಡುವೆ ಸೇತುವೆ ಕಟ್ಟುತ್ತದೆ. ಎಸಿಎಲ್ ಇರುವುದು ಕೀಲಿನ ದ್ರವದ ನಡುವೆ. ಅಲ್ಲಿ ಹೆಪ್ಪು ನಿಲ್ಲುವುದಿಲ್ಲ. ಗಾಯವಾದ ಕೀಲಿನಲ್ಲಿ ಹೆಪ್ಪನ್ನು ಕರಗಿಸುವ ಪ್ಲಾಸ್ಮಿನ್ ಎಂಬ ಕಿಣ್ವ ಸಿದ್ಧವಾಗುತ್ತದೆ, ಕಟ್ಟಿದ್ದನ್ನು ತೊಳೆದುಹಾಕುತ್ತದೆ. ಹರಿದ ತುದಿಗಳು ಹಿಂದೆ ಸರಿದುಕೊಳ್ಳುತ್ತವೆ. ಅಂಶಗಳು ಸುರಿಯುತ್ತವೆ, ನಿಲ್ಲಲು ನೆಲೆಯಿಲ್ಲದೆ ಹರಿದುಹೋಗುತ್ತವೆ. ಕೋಶಗಳು ತೆವಳಲು ಹೊರಟರೂ ಮುಂದೆ ದಾರಿಯಿಲ್ಲ.

ಬಾಸ್ಟನ್ನಿನ ಮಾರ್ತಾ ಮರ್ರೆ ಎಂಬ ಮೂಳೆತಜ್ಞೆ ಇದನ್ನು ಹಿಡಿದು ಹಲವು ವರ್ಷ ಕೂತರು. ದನದ ಕೊಲಾಜೆನ್ನಿನಿಂದ ಸ್ಪಂಜಿನಂಥ ತುಂಡು ಮಾಡಿ, ಅದಕ್ಕೆ ರೋಗಿಯದೇ ರಕ್ತ ಹೀರಿಸಿ, ಹರಿದ ಎಸಿಎಲ್‌ನ ಎರಡು ತುದಿಗಳ ನಡುವೆ ಹೊಲಿಗೆ ಹಾಕಿ ಕೂರಿಸಿದರು. ಹೊರಗಿನಿಂದ ಯಾವ ಗ್ರೋತ್ ಫ್ಯಾಕ್ಟರನ್ನೂ ಸೇರಿಸಲಿಲ್ಲ. ರಕ್ತಕ್ಕೆ ನಿಲ್ಲುವ ಜಾಗ ಕೊಟ್ಟರು, ಅಷ್ಟೇ. 100 ಜನರ ಪ್ರಯೋಗದಲ್ಲಿ ಎರಡು ವರ್ಷದ ಮೇಲೆ ನೋಡಿದಾಗ, ರೂಢಿಯ ಆಪರೇಷನ್ನಿಗೆ ಇದು ಕಡಿಮೆ ಬೀಳಲಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಅಂಶಗಳಿಗೆ ಬರ ಇಲ್ಲ ಎಂದು ನಾನು ಮೊದಲೇ ಅಂದದ್ದಕ್ಕೆ ನನಗೆ ಸಿಕ್ಕ ಗಟ್ಟಿ ಆಧಾರ ಇದು.

ಎಸಿಎಲ್ ಎಂದೆಂದಿಗೂ ಕೂಡುವುದೇ ಇಲ್ಲ ಎಂಬ ಹಳೆಯ ಮಾತಿಗೂ ಈಗ ಸ್ವಲ್ಪ ಸಡಿಲ ಬಂದಿದೆ. ಸ್ವೀಡನ್ನಿನಲ್ಲಿ 121 ಯುವಕ-ಯುವತಿಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬೇಗ ಆಪರೇಷನ್, ಇನ್ನೊಂದಕ್ಕೆ ಮೊದಲು ವ್ಯಾಯಾಮ, ಬೇಕೆನಿಸಿದರೆ ಆಮೇಲೆ ಆಪರೇಷನ್ ಎಂದು ಮಾಡಿದ ಪ್ರಯೋಗದ ಫಲ 2010ರಲ್ಲಿ ಬಂತು. ಎರಡು ವರ್ಷದ ಹೊತ್ತಿಗೆ ಎರಡೂ ಗುಂಪು ಹೆಚ್ಚುಕಡಿಮೆ ಸರಿಸಮ. ವ್ಯಾಯಾಮದಿಂದ ಶುರುಮಾಡಿದವರ ಎಂಆರ್‌ಐ ಚಿತ್ರಗಳನ್ನು ಆಮೇಲೆ ತಿರುಗಿ ನೋಡಿದಾಗ ನೂರಕ್ಕೆ ಮೂವತ್ತು ಜನರಲ್ಲಿ ಹರಿದ ಎಸಿಎಲ್ ಕೂಡಿಕೊಂಡ ಗುರುತು ಕಂಡಿತು. ಚಿತ್ರದಲ್ಲಿ ಕೂಡಿದಂತೆ ಕಂಡದ್ದು ರೇಡ್ ಮಾಡಿ ತಿರುಗುವಾಗಿನ ಎಳೆತ ತಡೆಯುತ್ತದೆ ಎಂದು ಮಾತ್ರ ಇದರಿಂದ ಹೇಳಲಾಗದು.

ಇರಲಿ, ಬರ ಇಲ್ಲದಿದ್ದರೂ ಇನ್ನಷ್ಟು ಸುರಿದರೆ ನಷ್ಟವೇನು ಎಂದು ಕೇಳಬಹುದು. ಎಡದಂಡೆ ನಾಲೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾಟಿಗೆ ಬೇಕಾದ ನೀರು ಕೊಯ್ಲಿನ ಹೊತ್ತಿಗೆ ಗದ್ದೆಯಲ್ಲಿ ನಿಂತರೆ ಬೆಳೆಯೇ ಮಲಗುತ್ತದೆ. ನೀರು ಅದೇ, ಹೊತ್ತು ಬೇರೆ. ಇಲಿಗಳ ಎಂಸಿಎಲ್ ಕತ್ತರಿಸಿ ಪಿಡಿಜಿಎಫ್ ಕೊಟ್ಟು ನೋಡಿದ ಪ್ರಯೋಗಗಳಲ್ಲಿ, ಗಾಯವಾದ ಮೊದಲ ದಿನದೊಳಗೆ ಕೊಟ್ಟರೆ ಲಿಗಮೆಂಟ್ ಹೆಚ್ಚು ಗಟ್ಟಿಯಾಯಿತು, ತಡವಾಗಿ ಕೊಟ್ಟರೆ ಆ ಲಾಭ ಸಿಗಲಿಲ್ಲ. ಮೊಲಗಳಲ್ಲಿ ಪಿಡಿಜಿಎಫ್ ಜೊತೆ ಟಿಜಿಎಫ್-ಬೀಟಾವನ್ನೂ ಸೇರಿಸಿದರು, ಸೇರಿಸಿದ್ದರಿಂದ ಹೆಚ್ಚಿನದೇನೂ ಆಗಲಿಲ್ಲ. ಟಿಜಿಎಫ್-ಬೀಟಾ ಅತಿಯಾದರೆ ಕೊಲಾಜೆನ್ ಅಡ್ಡಾದಿಡ್ಡಿ ತುಂಬಿಕೊಂಡು ಕಲೆಗಟ್ಟುತ್ತದೆ, ಕೀಲು ಬಿಗಿಯುತ್ತದೆ. ಮೊಣಕಾಲು ಮಡಚಲು ಬಾರದೆ ನೆಲದ ಮೇಲೆ ಕೂರಲಾಗದವರಲ್ಲಿ ಕೆಲವರ ಕಷ್ಟ ಇದೇ.

ಔಷಧಿಯಾಗಿ ಬಂದ ಅಂಶಗಳ ಚರಿತ್ರೆಯೂ ಎಚ್ಚರ ಹೇಳುವಂಥದ್ದು. ಪಿಡಿಜಿಎಫ್ ಇರುವ ಮುಲಾಮಿಗೆ ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆಂದು 1997ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 2008ರಲ್ಲಿ ಅದರ ಪೆಟ್ಟಿಗೆಯ ಮೇಲೆ ಕ್ಯಾನ್ಸರಿನ ಎಚ್ಚರಿಕೆ ಬಂತು, ಹತ್ತು ವರ್ಷದ ಮೇಲೆ ಅದನ್ನು ತೆಗೆದರು. ಎಲುಬು ಬೆಳೆಸುವ ಬಿಎಂಪಿ-2 ಬೆನ್ನುಮೂಳೆಯ ಆಪರೇಷನ್ನಿಗೆ 2002ರಲ್ಲಿ ಬಂತು. ಕುತ್ತಿಗೆಯಲ್ಲಿ ಬಳಸಿದಾಗ ಉಸಿರು ಕಟ್ಟುವಷ್ಟು ಬಾವು ಬಂದ ವರದಿಗಳಾಗಿ 2008ರಲ್ಲಿ ಎಚ್ಚರಿಕೆ ಹೊರಟಿತು. ನಮ್ಮ ಪಕ್ಕದ ಹೈದರಾಬಾದಿನ ಭಾರತ್ ಬಯೋಟೆಕ್ ಕಂಪನಿ ಇಜಿಎಫ್‌ನ ಮುಲಾಮು ಮಾಡುತ್ತದೆ. ಅದೂ ಸಕ್ಕರೆ ಕಾಯಿಲೆಯ ಹುಣ್ಣಿಗೇ. ಗಮನಿಸಿ, ಇವುಗಳಲ್ಲಿ ಒಂದೂ ಲಿಗಮೆಂಟಿನದಲ್ಲ.

ಈಗ ಇಂಜೆಕ್ಷನ್ನಿಗೆ ಬರೋಣ. ಪಿಆರ್‌ಪಿ ಎನ್ನುತ್ತಾರೆ. ನಿಮ್ಮದೇ ತೋಳಿನಿಂದ ರಕ್ತ ತೆಗೆದು, ಹೆಪ್ಪುಗಟ್ಟದಂತೆ ತಡೆಯುವ ಕೊಳವೆಗೆ ಹಾಕಿ, ಯಂತ್ರದಲ್ಲಿ ಗಿರಗಿರ ತಿರುಗಿಸುತ್ತಾರೆ. ಹೊರಗೆ ತೆಗೆದಾಗ ತಳದಲ್ಲಿ ಕೆಂಪು, ಮೇಲೆ ತಿಳಿ ಹಳದಿ, ನಡುವೆ ತೆಳ್ಳನೆಯ ಬಿಳಿ ಪದರ. ಪ್ಲೇಟ್‌ಲೆಟ್ ಹೆಚ್ಚಿರುವ ಪಾಲನ್ನು ಸಿರಿಂಜಿಗೆ ಎಳೆದು ನೋವಿರುವಲ್ಲಿಗೆ ಚುಚ್ಚುತ್ತಾರೆ. ಸ್ವಂತ ರಕ್ತವಾದ್ದರಿಂದ ದೊಡ್ಡ ಅಪಾಯ ಕಡಿಮೆ. ಆದರೆ ಒಂದು ಯಂತ್ರದ ಪಿಆರ್‌ಪಿ ಇನ್ನೊಂದರ ಹಾಗಿರುವುದಿಲ್ಲ. ಪ್ಲೇಟ್‌ಲೆಟ್ ಎಷ್ಟು, ಬಿಳಿ ರಕ್ತಕಣ ಎಷ್ಟು ಎಂಬುದು ಕೈಯಿಂದ ಕೈಗೆ ಬದಲು.

ಫಲ? ಮೊಣಕೈ ನೋವಿನ 100 ಜನರ ಮೇಲೆ ನೆದರ್ಲೆಂಡ್ಸಿನಲ್ಲಿ ಮಾಡಿ 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವರ್ಷದ ಕೊನೆಗೆ ಸ್ಟೀರಾಯ್ಡ್‌ಗಿಂತ ಪಿಆರ್‌ಪಿ ಮೇಲಾಯಿತು. ಅದೇ ವರ್ಷ ಅದೇ ದೇಶದಲ್ಲಿ ಹಿಮ್ಮಡಿಯ ಸ್ನಾಯುರಜ್ಜುವಿನ ನೋವಿಗೆ ಪಿಆರ್‌ಪಿಯನ್ನೂ ಉಪ್ಪುನೀರನ್ನೂ ಚುಚ್ಚಿ ನೋಡಿದರು, ಎರಡಕ್ಕೂ ಫಲ ಒಂದೇ. ಬ್ರಿಟನ್ನಿನಲ್ಲಿ ಹಿಮ್ಮಡಿ ರಜ್ಜು ಪೂರ್ತಿ ಹರಿದ 230 ಜನರಲ್ಲಿ ನೋಡಿದ ಪ್ರಯೋಗ 2019ರಲ್ಲಿ ಬಂತು, ಲಾಭ ಕಾಣಲಿಲ್ಲ. ಮೊಣಕಾಲು ಸವೆದ 288 ಜನರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದದ್ದು 2021ರಲ್ಲಿ ಬಂತು, ಅಲ್ಲೂ ಉಪ್ಪುನೀರಿಗಿಂತ ಹೆಚ್ಚೇನಿಲ್ಲ. ಪಿಆರ್‌ಪಿ ಮೋಸ ಎಂದು ನಾನು ಹೇಳುತ್ತಿಲ್ಲ. ಕೆಲವು ಜಾಗದಲ್ಲಿ ಕೆಲವರಿಗೆ ನೋವು ಇಳಿದಿದೆ. ಆದರೆ ‘ಚುಚ್ಚಿದರೆ ಹರಿದ ಎಸಿಎಲ್ ಕೂಡುತ್ತದೆ’ ಎಂದು ಯಾರಾದರೂ ಹೇಳಿದರೆ, ಕಾಗದದ ಮೇಲೆ ಬರೆದುಕೊಡಿ ಎಂದು ಕೇಳಿ. ಎಕರೆ ಭತ್ತದ ಲಾಭವನ್ನು ಸಿರಿಂಜಿಗೆ ಸುರಿಯುವ ಮುಂಚೆ ಅಷ್ಟು ಕೇಳುವ ಹಕ್ಕು ನಿಮಗಿದೆ.

ಹಾಗಾದರೆ ಕೊರತೆ ಎಲ್ಲಿ? ಒಂದನ್ನು ಹೇಳಿದೆ, ನಿಲ್ಲುವ ನೆಲೆ. ಇನ್ನೊಂದು ನನಗೆ ಬಹಳ ಇಷ್ಟವಾದದ್ದು, ಎಳೆತ.

ಟಿಜಿಎಫ್-ಬೀಟಾವನ್ನು ಜೀವಕೋಶ ಹೊರಗೆ ಬಿಡುವಾಗ ಬರಿದಾಗಿ ಬಿಡುವುದಿಲ್ಲ. ಅದರ ಸುತ್ತ ಇನ್ನೊಂದು ಪ್ರೋಟೀನ್ ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಹಾಗೆ ಕಟ್ಟಿಹಾಕಿದ ಸ್ಥಿತಿಯಲ್ಲೇ ಅದು ನಾರುಗಳ ನಡುವೆ ಸಿಕ್ಕಿಕೊಂಡು ಕೂತಿರುತ್ತದೆ, ಕೆಲಸ ಮಾಡುವುದಿಲ್ಲ. ಅದನ್ನು ಬಿಡಿಸುವ ದಾರಿಗಳಲ್ಲಿ ಒಂದು ಹೀಗಿದೆ. ನಾರುಕೋಶ ತನ್ನ ಮೇಲ್ಮೈಯ ಇಂಟೆಗ್ರಿನ್ ಎಂಬ ಕೊಕ್ಕೆಯಿಂದ ಆ ಸುತ್ತುಕಟ್ಟನ್ನು ಹಿಡಿದು ಜಗ್ಗುತ್ತದೆ. ಸುತ್ತಲಿನ ನಾರು ಬಿಗಿಯಾಗಿದ್ದರೆ ಕಟ್ಟು ಹಿಗ್ಗಿ, ಟಿಜಿಎಫ್-ಬೀಟಾ ಬಿಡುಗಡೆಯಾಗುತ್ತದೆ. ನಾರು ಸಡಿಲವಾಗಿದ್ದರೆ ಜಗ್ಗಿದ್ದು ವ್ಯರ್ಥ. ಬೋರಿಸ್ ಹಿಂಜ್ ಮತ್ತು ಸಂಗಡಿಗರು 2007ರಲ್ಲಿ ಇದನ್ನು ತೋರಿಸಿಕೊಟ್ಟರು. ನಿಮ್ಮ ಕಾಲಿಗೆ ಬೀಳುವ ಹದವಾದ ಎಳೆತ ಕೊನೆಗೆ ಇಂಥ ಕೊಕ್ಕೆಗಳವರೆಗೂ ಮುಟ್ಟುತ್ತದೆ. ಎಳೆತ ಯಾವ ದಿಕ್ಕಿಗೋ ಹೊಸ ಕೊಲಾಜೆನ್ ಆ ದಿಕ್ಕಿಗೆ ಮಲಗುತ್ತದೆ.

ಎಳೆತ ಪೂರ್ತಿ ನಿಂತರೆ ಏನಾಗುತ್ತದೆ ಎಂಬುದನ್ನೂ ನೋಡಿದ್ದಾರೆ. ಗಾಯವಿಲ್ಲದ ಮೊಲದ ಮೊಣಕಾಲನ್ನು 9 ವಾರ ಅಲುಗಾಡದಂತೆ ಕಟ್ಟಿಟ್ಟರೆ ಅದರ ಎಂಸಿಎಲ್ ತಡೆಯುವ ಭಾರ ಮೂರನೇ ಒಂದು ಪಾಲಿಗೆ ಇಳಿಯಿತು. ಹರಿದದ್ದೂ ಅಲ್ಲ, ಕಟ್ಟಿಟ್ಟದ್ದಕ್ಕೇ ಹೀಗೆ. ‘ತಿಂಗಳುಗಟ್ಟಲೆ ಕಾಲು ಅಲುಗಿಸಬ್ಯಾಡ’ ಎನ್ನುವ ಹಿರಿಯರ ಮಾತಿನಲ್ಲಿ ಪ್ರೀತಿ ಇದೆ, ಲಿಗಮೆಂಟಿಗೆ ಅದರಿಂದ ನಷ್ಟ. ಹಾಗೆಂದು ನಾಳೆಯೇ ಗದ್ದೆಗೆ ಇಳಿಯುವುದೂ ತಪ್ಪು. ಮೊದಲ ಕೆಲವು ದಿನ ಪಟ್ಟಿ, ತಂಪು, ಎತ್ತರದಲ್ಲಿ ಕಾಲು. ಆಮೇಲೆ ಫಿಜಿಯೊಥೆರಪಿಸ್ಟ್ ಹೇಳಿದ ಅಳತೆಯಲ್ಲಿ ದಿನದಿನಕ್ಕೂ ಅಷ್ಟಷ್ಟು ಭಾರ. ಸಾಮಾನ್ಯ ಉಳುಕಿಗೆ ಇಷ್ಟು ಸಾಕು. ಕೀಲು ಪದೇಪದೇ ತಪ್ಪುತ್ತಿದ್ದರೆ, ಹೆಜ್ಜೆ ಊರಲು ಆಗದಿದ್ದರೆ, ಎಕ್ಸ್-ರೇ ಮತ್ತು ಮೂಳೆ ಡಾಕ್ಟರು ಮೊದಲು.

ಮನೆಮದ್ದಿನ ಬಗ್ಗೆ ಕೇಳುತ್ತೀರಿ ಎಂದು ಗೊತ್ತು. ಬೆಲ್ಲ-ಸುಣ್ಣದ ಪಟ್ಟು, ಹುಣಸೆಹಣ್ಣು-ಉಪ್ಪು ಕಾಸಿ ಹಚ್ಚುವುದು, ಇವುಗಳಿಂದ ಲಿಗಮೆಂಟ್ ಕೂಡುವುದಿಲ್ಲ. ಚರ್ಮ ಸುಡದಂತೆ ಹಚ್ಚಿದರೆ ಹಾನಿಯೂ ಇಲ್ಲ, ಒಣಗಿದ ಪಟ್ಟು ಕೀಲನ್ನು ಸ್ವಲ್ಪ ಹಿಡಿದಿಡುತ್ತದೆ. ಹೊಸ ಗಾಯವನ್ನು ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿಸುವುದು ಮಾತ್ರ ಬೇಡ. ಆಗಷ್ಟೇ ಕಟ್ಟಿದ ಹೆಪ್ಪನ್ನೂ ಚಿಗುರುತ್ತಿರುವ ರಕ್ತನಾಳವನ್ನೂ ಕಿತ್ತುಹಾಕಿದಂತೆ. ಇನ್ನು ಮಂಗರವಳ್ಳಿ. ಬೇಲಿಗಳಲ್ಲಿ ಹಬ್ಬುವ ನಾಲ್ಕು ಮೂಲೆಯ ಗಿಣ್ಣುಗಿಣ್ಣಿನ ಬಳ್ಳಿ, ಎಲುಬು ಮುರಿದರೆ ಕಟ್ಟುವುದು ಹಳೆಯ ರೂಢಿ. ಇದನ್ನು ಆಧುನಿಕ ಪ್ರಯೋಗಕ್ಕೆ ಒಡ್ಡಿದವರಲ್ಲಿ ಮೊದಲಿಗರು ಕನ್ನಡ ನಾಡಿನವರೇ ಆದ ಕಟೀಲು ನರಸಿಂಹ ಉಡುಪ. ಆಯುರ್ವೇದ ಓದಿ, ಶಸ್ತ್ರಚಿಕಿತ್ಸೆಯನ್ನೂ ಕಲಿತು, ಬನಾರಸ್ ಹಿಂದೂ ವಿಶ್ವವಿದ್ಯಾಲಯದ ವೈದ್ಯವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕರಾದವರು. 1960ರ ದಶಕದಲ್ಲಿ ಅವರೂ ಸಂಗಡಿಗರೂ ಪ್ರಾಣಿಗಳಲ್ಲಿ ಮುರಿದ ಎಲುಬು ಈ ಬಳ್ಳಿಯಿಂದ ಬೇಗ ಕೂಡುತ್ತದೆ ಎಂದು ಬರೆದರು. ನಂಬುವುದನ್ನು ಅಳೆದು ನೋಡಿದ ಅವರ ಧಾಟಿ ನನಗೆ ಮೆಚ್ಚು. ಆದರೆ ಅದು ಎಲುಬಿನ ಮಾತು. ಲಿಗಮೆಂಟಿಗೆ ಹಾಗೇ ಎತ್ತಿ ಹಚ್ಚುವಂತಿಲ್ಲ.

ಮಾತ್ರೆಯ ವಿಷಯ ಚುಟುಕಾಗಿ ಹೇಳುತ್ತೇನೆ. ನೋವು ತಡೆಯದಿದ್ದರೆ ಡಾಕ್ಟರು ಹೇಳಿದಷ್ಟು ದಿನ ನುಂಗಿ. ಮೆಡಿಕಲ್ ಶಾಪಿನಿಂದ ತಂದು ವಾರಗಟ್ಟಲೆ ನುಂಗಬೇಡಿ, ಹೊಟ್ಟೆ, ಕಿಡ್ನಿ ಎರಡೂ ಕೆಡುತ್ತವೆ. ಸ್ಟೀರಾಯ್ಡ್ ಇಂಜೆಕ್ಷನ್ ನೋವನ್ನು ಜಾದೂವಿನಂತೆ ಇಳಿಸುತ್ತದೆ, ಜೊತೆಗೆ ನಾರುಕೋಶಗಳನ್ನೂ ಕೂರಿಸಿಬಿಡುತ್ತದೆ. ಹೊಸದಾಗಿ ಹರಿದ ಲಿಗಮೆಂಟಿಗೆ ಅದು ಸಲ್ಲ.

ಊಟದಲ್ಲಿ ಒಂದೇ ಒಂದು ಮಾತು. ರಾಮಚಂದ್ರನ್ ಕಂಡ ಆ ಮೂರೆಳೆ ಸುರುಳಿ ಮೈಯ ಬಿಸಿಗೆ ಬಿಚ್ಚಿಕೊಳ್ಳದೆ ನಿಲ್ಲಬೇಕಾದರೆ ಪ್ರೋಲಿನ್ ಎಂಬ ಅಮೈನೊ ಆಮ್ಲಕ್ಕೆ ಸಣ್ಣ ಮಾರ್ಪಾಡು ಆಗಬೇಕು, ಅದಕ್ಕೆ ವಿಟಮಿನ್ ಸಿ ಬೇಕು. ನೆಲ್ಲಿಕಾಯಿ, ಪೇರಲ, ನಿಂಬೆ ನಮ್ಮಲ್ಲೇ ಇವೆ. ಜೊತೆಗೆ ಬೇಳೆಯೋ ಮೊಟ್ಟೆಯೋ ಇರಲಿ. ಬೀಡಿ ಸೇದುವವರ, ಸಕ್ಕರೆ ಹತೋಟಿಯಲ್ಲಿ ಇಲ್ಲದವರ ಗಾಯ ನಿಧಾನ.

ಕೊನೆಯ ಮಾತು ಕಬಡ್ಡಿ ಹುಡುಗರಿಗೆ. ರೂಢಿಯ ಎಸಿಎಲ್ ಆಪರೇಷನ್ ಅಂದರೆ ಹರಿದದ್ದನ್ನು ಹೊಲಿಯುವುದಲ್ಲ. ಬಹುಮಟ್ಟಿಗೆ ನಿಮ್ಮ ತೊಡೆಯ ಹಿಂಭಾಗದ ಸ್ನಾಯುರಜ್ಜುವನ್ನು ತೆಗೆದು ಆ ಜಾಗಕ್ಕೆ ಕೂರಿಸುವುದು. ಕೂರಿಸಿದ ಹೊಸತರಲ್ಲಿ ಅದರೊಳಗಿನ ಕೋಶಗಳು ಸಾಯುತ್ತವೆ. ಸುತ್ತಲಿನಿಂದ ರಕ್ತನಾಳ, ಹೊಸ ಕೋಶ ಒಳಗೆ ಬರಬೇಕು, ನಾರು ಬದಲಾಗಬೇಕು. ಮೊದಲ ಎರಡು ಮೂರು ತಿಂಗಳಲ್ಲಿ ಅದು ಕೂರಿಸಿದ ದಿನಕ್ಕಿಂತಲೂ ದುರ್ಬಲ. ಆ ಹೊತ್ತಿಗೇ ನೋವು ಹೋಗಿರುತ್ತದೆ, ಹುಡುಗ ಓಡಾಡುತ್ತಿರುತ್ತಾನೆ, ಜಾತ್ರೆ ಬಂದಿರುತ್ತದೆ, ತಂಡದವರು ಬಾಗಿಲಿಗೆ ಬಂದಿರುತ್ತಾರೆ. ನಾರ್ವೆಯಲ್ಲಿ 106 ಜನರನ್ನು ಹಿಂಬಾಲಿಸಿ 2016ರಲ್ಲಿ ಬರೆದದ್ದನ್ನು ಕೇಳಿ: ಆಟಕ್ಕೆ ಮರಳುವುದನ್ನು ಒಂಬತ್ತು ತಿಂಗಳವರೆಗೆ ಒಂದೊಂದು ತಿಂಗಳು ಮುಂದೂಡಿದಂತೆ ಮೊಣಕಾಲು ಮತ್ತೆ ಕೆಡುವ ಸಾಧ್ಯತೆ ಪ್ರತಿ ತಿಂಗಳಿಗೆ ಅರ್ಧದಷ್ಟು ಇಳಿಯಿತು. ಒಂಬತ್ತು ತಿಂಗಳು ಎಂದಾಗ ಹಿಂದಿನ ಸಾಲಿನಲ್ಲಿ ನಗು ಕೇಳಿಸಿತು. ನಗಲಿ, ಆದರೆ ಗೋಡೆಗೆ ಬರೆದಿಟ್ಟುಕೊಳ್ಳಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ಆ ಒಂಬತ್ತು ತಿಂಗಳು ಕೈಹಿಡಿದು ನಡೆಸುವ ಫಿಜಿಯೊಥೆರಪಿಸ್ಟ್ ಇರಬೇಕು ಎಂದು ಊರವರು ಕೇಳಬೇಕು. ಇಂಜೆಕ್ಷನ್ ಬೇಕೆಂದು ಕೇಳುವಷ್ಟೇ ಜೋರಾಗಿ ಕೇಳಬೇಕು.

ಜಿಲ್ಲೆ, ರಾಜ್ಯದ ತಂಡಕ್ಕೆ ಹೋಗುವವರಿಗೆ ಇನ್ನೊಂದು ವಿಷಯ. ಉದ್ದೀಪನ ಮದ್ದು ತಡೆಯುವ ವಾಡಾ ಸಂಸ್ಥೆ ಸ್ನಾಯುವಿಗೆ ಚುಚ್ಚುವ ಪಿಆರ್‌ಪಿಯನ್ನು 2010ರಲ್ಲಿ ನಿಷೇಧಿಸಿ, 2011ರಲ್ಲಿ ಆ ನಿಷೇಧ ತೆಗೆಯಿತು. ಆದರೆ ಬಿಡಿಯಾಗಿ ಮಾಡಿ ಮಾರುವ ಐಜಿಎಫ್-1, ಪಿಡಿಜಿಎಫ್, ವಿಇಜಿಎಫ್ ಮುಂತಾದ ಬೆಳವಣಿಗೆಯ ಅಂಶಗಳು ಇವತ್ತಿಗೂ ನಿಷೇಧದ ಪಟ್ಟಿಯಲ್ಲಿವೆ. ಜಿಮ್ಮಿನಲ್ಲಿ ಯಾರೋ ಸೀಸೆ ತೋರಿಸಿ ‘ಬೇಗ ವಾಸಿಯಾಗ್ತದ’ ಅಂದರೆ, ಸೀಸೆಯ ಮೇಲಿನ ಹೆಸರು ಬರೆದುಕೊಂಡು ಡಾಕ್ಟರಿಗೆ ತೋರಿಸಿ, ಆಮೇಲೆ ಮಾತು. ಪ್ರಶ್ನೆಗಳಿದ್ದರೆ ಈಗ ಕೇಳಬಹುದು. ಮೊದಲು ಹೆಣ್ಣುಮಕ್ಕಳು ಕೇಳಲಿ, ಬದುವಿನ ಮೇಲೆ ಹೆಚ್ಚು ನಡೆಯುವವರು ಅವರೇ.